ಕುದ್ಮುಲ್ ರಂಗರಾಯರು: ಶಾಲೆ ಕಟ್ಟಲು ಹೊರಟು ಮನೆಗಳನ್ನೂ ಕಟ್ಟಿದವರು

ಬ್ರಹ್ಮಸಮುದ್ರದ ಶಾಲೆಯೊಂದರ ಶತಮಾನೋತ್ಸವ ಸಂಚಿಕೆಯಲ್ಲಿ ಮಂಗಳೂರಿನ ವಕೀಲರೊಬ್ಬರ ಜೀವನವೃತ್ತಾಂತವೇಕೆ ಎಂದು ಓದುಗರು ಕೇಳಬಹುದು. ನಮ್ಮ ಶಾಲೆ ಆರಂಭವಾದ ಕಾಲದಲ್ಲಿ ಅನಂತಪುರವೂ ದಕ್ಷಿಣ ಕನ್ನಡವೂ ಮದರಾಸು ಪ್ರಾಂತಕ್ಕೆ ಸೇರಿದ್ದ ಜಿಲ್ಲೆಗಳೇ. ವೇದಾವತಿಯ ದಂಡೆಯ ನಮ್ಮವರಿಗೂ ನೇತ್ರಾವತಿಯ ದಂಡೆಯ ಅವರಿಗೂ ಸರ್ಕಾರ ಒಂದೇ, ವಿದ್ಯಾ ಇಲಾಖೆಯೂ ಒಂದೇ ಆಗಿತ್ತು. ಇನ್ನೊಂದು ನಂಟೂ ಉಂಟು. ರಂಗರಾಯರು ಹುಟ್ಟಿದ ಕುದ್ಮುಲ್ ಗ್ರಾಮ ಕಾಸರಗೋಡು ತಾಲ್ಲೂಕಿನದು. 1956ರಲ್ಲಿ ಆ ಸೀಮೆ ಕೇರಳದ ಪಾಲಾಯಿತು. ಗಡಿಯ ಆಚೆ ಉಳಿದ ಕನ್ನಡಿಗರ ಪಂಕ್ತಿಯಲ್ಲಿ ಅವರ ಹುಟ್ಟೂರಿಗೂ ನಮ್ಮ ಊರಿಗೂ ಜೊತೆಜೊತೆಯ ಸ್ಥಾನ.

ಇದಕ್ಕಿಂತ ಹತ್ತಿರದ ಕಾರಣವನ್ನು ಅಧ್ಯಾಪಕರಾದ ನಾವು ಹಾಜರಿ ಪುಸ್ತಕದಲ್ಲಿ ಕಾಣುತ್ತೇವೆ. ಮಳೆ ಕೈಕೊಟ್ಟ ವರ್ಷ ತಂದೆ ತಾಯಿ ಗುಳೆ ಹೊರಟರೆ ಮಗುವಿನ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಸಾಲುಗಟ್ಟುತ್ತದೆ. ಮಗುವನ್ನು ಶಾಲೆಯಲ್ಲಿ ಉಳಿಸಿಕೊಳ್ಳಬೇಕಾದರೆ ಅದರ ಮನೆಯನ್ನು ಏನು ಮಾಡಬೇಕು? ಈ ಪ್ರಶ್ನೆಯನ್ನು ನೂರು ವರ್ಷಕ್ಕೂ ಹಿಂದೆಯೇ ಎದುರಿಸಿ, ಬದುಕನ್ನೇ ಅದರ ಉತ್ತರಕ್ಕೆ ತೆತ್ತವರು ರಂಗರಾಯರು.

ಅವರ ಜನನ 1859ರ ಜೂನ್ 29ರಂದು. ತಂದೆ ದೇವಪ್ಪಯ್ಯ, ತಾಯಿ ಗೌರಿ. ಸಾರಸ್ವತ ಬ್ರಾಹ್ಮಣ ಮನೆತನ. ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡು ಸಂಸಾರದ ಹೊಣೆ ಹೊತ್ತ ಅವರು ಮಂಗಳೂರಿಗೆ ಬಂದು ತಿಂಗಳಿಗೆ 8 ರೂಪಾಯಿ ಸಂಬಳದ ಉಪಾಧ್ಯಾಯರಾದರು. ಕೆಲಸ ಮಾಡುತ್ತಲೇ ಓದಿ, ವಕೀಲಿ ಪರೀಕ್ಷೆ ಮುಗಿಸಿ, ಬಡವರ ವ್ಯಾಜ್ಯಗಳಿಗೆ ನಿಲ್ಲುವ ವಕೀಲರೆಂದು ಹೆಸರಾದರು. ಉಳ್ಳಾಲ ರಘುನಾಥಯ್ಯನವರು ಮೊದಲಾದವರು ಮಂಗಳೂರಿನಲ್ಲಿ ನೆಲೆಗೊಳಿಸಿದ್ದ ಬ್ರಹ್ಮಸಮಾಜದ ಪ್ರಭಾವ ಅವರ ಮೇಲೆ ಗಾಢವಾಗಿ ಬಿತ್ತು. ಅಲ್ಲಿಯವರೆಗಿನ ಬದುಕು ಆ ಕಾಲದ ಸುಧಾರಕರ ಬದುಕಿನಂತೆಯೇ ಇತ್ತೆನ್ನಬೇಕು.

ದಾರಿ ತಿರುಗಿದ್ದು ಕೋರ್ಟಿನ ಅಂಗಳದಲ್ಲಿ. ಬೆಂದೂರು ಬಾಬು ಎಂಬ ದಲಿತ ಯುವಕ ನಾಲ್ಕಕ್ಷರ ಕಲಿತು ಮಂಗಳೂರಿನ ನ್ಯಾಯಾಲಯದಲ್ಲಿ ಜವಾನನಾಗಿ ನೇಮಕಗೊಂಡಿದ್ದ. ಮೇಲ್ಜಾತಿಯವರಿಗೆ ಅದು ಸಹನೆಯಾಗಲಿಲ್ಲ. ಅವರು ಕೊಟ್ಟ ಕಿರುಕುಳಕ್ಕೆ ಸಿಕ್ಕಿ ಬಾಬು ಆ ಕೆಲಸದಲ್ಲಿ ಉಳಿಯಲಾಗಲಿಲ್ಲ. ಇದನ್ನು ಹತ್ತಿರದಿಂದ ಕಂಡ ರಂಗರಾಯರಿಗೆ, ಒಬ್ಬನು ಓದಿದರೆ ಅವನನ್ನು ಹೊರದೂಡುವುದು ಸುಲಭ, ನೂರು ಜನ ಓದಿದರೆ ಕಷ್ಟ ಎಂದು ತೋರಿರಬೇಕು. 1892ರಲ್ಲಿ ಅವರು ಉರ್ವ ಚಿಲಿಂಬಿಯಲ್ಲಿ ಬಾಡಿಗೆ ಮನೆಯೊಂದನ್ನು ಹಿಡಿದು, ಆಗ ಪಂಚಮರೆಂದು ಕರೆಯಲ್ಪಡುತ್ತಿದ್ದವರ ಮಕ್ಕಳಿಗಾಗಿ ಶಾಲೆ ತೆರೆದರು.

ಶಾಲೆ ತೆರೆದದ್ದೇನೋ ಸರಿ, ಪಾಠ ಹೇಳುವವರು ಯಾರು? ಸವರ್ಣ ಉಪಾಧ್ಯಾಯರು ಒಪ್ಪಲಿಲ್ಲ. ಕ್ರೈಸ್ತ ಉಪಾಧ್ಯಾಯರು ಮುಂದೆ ಬಂದರು. ಮನೆ ಕೊಟ್ಟವರು ನೆರೆಯವರ ಒತ್ತಡಕ್ಕೆ ಮಣಿದು ಬಿಡಿಸಿದರು. ಶಾಲೆ ಒಂದೆಡೆಯಿಂದ ಇನ್ನೊಂದೆಡೆಗೆ ಅಲೆದು ಕೊನೆಗೆ ಶೇಡಿಗುಡ್ಡೆಯಲ್ಲಿ ಕಾಲೂರಿತು. ಸ್ವಜಾತಿಯವರು ರಾಯರಿಗೆ ಬಹಿಷ್ಕಾರ ಹಾಕಿದರು. ಬಹಿಷ್ಕಾರವೆಂಬ ಮಾತನ್ನು ನಾವು ಇಂದು ಸುಲಭವಾಗಿ ಬರೆದುಬಿಡುತ್ತೇವೆ. ಅಂದು ಅದರ ಅರ್ಥ ಮದುವೆ ಮುಂಜಿಗಳಿಗೆ ಕರೆಯಿಲ್ಲ, ಕಷ್ಟಕಾಲಕ್ಕೆ ನೆಂಟರಿಲ್ಲ ಎಂದು. ಅದನ್ನು ಅನುಭವಿಸಿದವರಲ್ಲಿ ಏನನ್ನೂ ಆರಿಸಿಕೊಳ್ಳದ ಮನೆಯ ಹೆಂಗಸರು ಮಕ್ಕಳೂ ಇದ್ದರೆಂಬುದನ್ನು ಮರೆಯಬಾರದು.

ಹೊರಗಿನ ವಿರೋಧಕ್ಕಿಂತ ಬಿಡಿಸಲು ಕಷ್ಟವಾದ ಗಂಟು ಮಕ್ಕಳ ಮನೆಯಲ್ಲೇ ಇತ್ತು. ಎಮ್ಮೆ ಕಾಯುವ, ತಮ್ಮನನ್ನು ಎತ್ತಿಕೊಳ್ಳುವ, ನಾಲ್ಕು ಕಾಸು ದುಡಿಯುವ ಮಗುವನ್ನು ಶಾಲೆಗೆ ಕಳುಹಿಸಿದರೆ ಅಂದಿನ ಗಂಜಿಗೆ ಕೊರತೆ. ರಾಯರು ಉಪದೇಶ ಮಾಡುತ್ತ ಕೂರಲಿಲ್ಲ. ಶಾಲೆಗೆ ಬಂದ ಮಗುವಿಗೆ ದಿನಕ್ಕೆ ಎರಡು ಪೈಸೆ ಕೊಡುವ ಏರ್ಪಾಡು ಮಾಡಿದರು; ಮಧ್ಯಾಹ್ನದ ಊಟವನ್ನೂ ಹಾಕಿಸಿದರು. ಮದರಾಸಿನ ನಗರಸಭೆ ಪಿ. ತ್ಯಾಗರಾಯ ಚೆಟ್ಟಿಯವರ ಅಧ್ಯಕ್ಷತೆಯಲ್ಲಿ ಥೌಸಂಡ್ ಲೈಟ್ಸ್ ಬಡಾವಣೆಯ ತನ್ನ ಶಾಲೆಯಲ್ಲಿ, ಮಗುವೊಂದಕ್ಕೆ ದಿನಕ್ಕೆ ಒಂದಾಣೆ ಮೀರದಂತೆ ಉಪಾಹಾರ ಕೊಡಲು ನಿರ್ಣಯಿಸಿದ್ದು 1920ರಲ್ಲಿ. ಹಣದ ತಾಪತ್ರಯದಿಂದ ಕೆಲವೇ ವರ್ಷಗಳಲ್ಲಿ ಅದು ನಿಂತೂ ಹೋಯಿತು. ಇಂದು ನಮ್ಮ ಮಕ್ಕಳ ತಟ್ಟೆಗೆ ಬೀಳುವ ಅನ್ನದ ಹಿಂದೆ ಇಂತಹ ಹಲವು ಪ್ರಯತ್ನಗಳಿವೆ.

1897ರಲ್ಲಿ ಈ ಕೆಲಸಕ್ಕೆ ಸಂಸ್ಥೆಯ ರೂಪ ಕೊಟ್ಟು, ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಹೆಸರಿನಲ್ಲಿ ನಡೆಸತೊಡಗಿದರು. ಮುಲ್ಕಿ, ಉಡುಪಿಯ ಕಡೆಗಳಿಗೂ ಶಾಲೆಗಳು ಹಬ್ಬಿದವು. ಅಕ್ಷರದ ಜೊತೆಗೆ ಮಗ್ಗ, ಬಡಗಿ ಕೆಲಸ ಮುಂತಾದ ಕಸುಬುಗಳನ್ನು ಹೇಳಿಕೊಡುವ ಏರ್ಪಾಡಾಯಿತು. ಓದಿ ಬಂದವನಿಗೆ ಯಾರೂ ಕೆಲಸ ಕೊಡದಿದ್ದರೂ ಕೈಯಲ್ಲಿ ಕಸುಬಿರಲಿ ಎಂಬ ಮುಂದಾಲೋಚನೆ ಇದರಲ್ಲಿ ಕಾಣುತ್ತದೆ. ಬಾಬುವಿನ ನೆನಪು ಅವರನ್ನು ಬಿಟ್ಟಿರಲಿಲ್ಲವೆಂದು ನಾವು ಊಹಿಸುತ್ತೇವೆ.

ಆದರೂ ಸಂಜೆ ಮಗು ಮರಳುತ್ತಿದ್ದದ್ದು ಒಡೆಯನ ನೆಲದಲ್ಲಿ, ಅವನು ಏಳೆಂದಾಗ ಏಳಬೇಕಾದ ಗುಡಿಸಲಿಗೆ. ನೆಲವಿಲ್ಲದವನಿಗೆ ಧೈರ್ಯ ಎಲ್ಲಿಂದ ಬರಬೇಕು? ಚೆಂಗಲ್ಪಟ್ಟಿನ ಕಲೆಕ್ಟರ್ ಟ್ರೆಮೆನ್‌ಹೀರ್ ಅವರ ವರದಿಯ ಮೇರೆಗೆ ಮದರಾಸು ಸರ್ಕಾರ ದಲಿತರಿಗೆ ಜಮೀನು ಮೀಸಲಿಡುವ ಆಜ್ಞೆ ಹೊರಡಿಸಿದ್ದು ಇದೇ 1892ರಲ್ಲಿ. ಆದರೆ ಕಾಗದದ ಮೇಲಿನ ಆಜ್ಞೆ ತಾನಾಗಿ ಯಾರ ಅಂಗಳಕ್ಕೂ ನಡೆದು ಬರುವುದಿಲ್ಲ. ರಂಗರಾಯರು ಅರ್ಜಿಯ ಮೇಲೆ ಅರ್ಜಿ ಬರೆದು ಸರ್ಕಾರದಿಂದ ನೆಲ ಪಡೆದು, ಮಂಗಳೂರಿನ ಕಾಪಿಕಾಡು, ದಡ್ಡಲಕಾಡು, ಅತ್ತಾವರದ ಬಾಬುಗುಡ್ಡೆ ಮೊದಲಾದ ಕಡೆ ಕುಟುಂಬಗಳಿಗೆ ನಿವೇಶನ ಹಂಚಿ ಮನೆ ಕಟ್ಟಿಸಿದರು. ಆದಿದ್ರಾವಿಡ ಸಹಕಾರ ಸಂಘವನ್ನು ಸ್ಥಾಪಿಸಿ ಸಾಲದ ಶೂಲದಿಂದ ಅವರನ್ನು ಬಿಡಿಸಲು ಯತ್ನಿಸಿದರು. ವಕೀಲರ ಕಾಗದಪತ್ರದ ಜ್ಞಾನ ಇಲ್ಲಿ ನೂರು ಭಾಷಣಗಳಿಗಿಂತ ಹೆಚ್ಚಿನ ಕೆಲಸ ಮಾಡಿತು.

1866ರಲ್ಲಿ ಸ್ಥಾಪನೆಯಾಗಿದ್ದ ಮಂಗಳೂರು ಪುರಸಭೆಯ ದೃಷ್ಟಿಯಲ್ಲಿ ಈ ಜನ ಊರನ್ನು ಗುಡಿಸುವ, ಮಲ ಹೊರುವ ಕೈಗಳು ಮಾತ್ರ. ಕೊರಗರು ಮೊದಲಾದವರು ಆ ಕೆಲಸಕ್ಕೆ ಬೇಕು, ಊರಿನ ಆಡಳಿತಕ್ಕೆ ಬೇಡ. ಸ್ಥಳೀಯ ಸಂಸ್ಥೆಗಳಲ್ಲಿ ದಲಿತರಿಗೂ ಸ್ಥಾನವಿರಬೇಕೆಂದು ರಂಗರಾಯರು ಪಟ್ಟು ಹಿಡಿದರು. ಅವರ ಪ್ರಯತ್ನದ ಫಲವಾಗಿ ಅಂಗಾರ ಮಾಸ್ತರ್, ಗೋವಿಂದ ಮಾಸ್ತರ್ ಅಂತಹವರು ಸ್ಥಳೀಯ ಸಂಸ್ಥೆಗಳ ಸದಸ್ಯರಾಗಿ ನಾಮಕರಣಗೊಂಡರು. ಇಬ್ಬರ ಹೆಸರಿಗೂ ಮಾಸ್ತರ್ ಎಂಬ ಪದ ಅಂಟಿಕೊಂಡಿರುವುದನ್ನು ಓದುಗರು ಗಮನಿಸಬೇಕು.

ತಮ್ಮ ಮನೆಯ ವಿಷಯದಲ್ಲೂ ರಾಯರು ಹೇಳಿದ್ದೊಂದು ಮಾಡಿದ್ದೊಂದು ಎನ್ನುವಂತಿರಲಿಲ್ಲ. ಮಗಳು ರಾಧಾಬಾಯಿಯವರ ವಿವಾಹ ಜಾತಿಯ ಎಲ್ಲೆ ದಾಟಿ ಕುಮಾರಮಂಗಲದ ಜಮೀನ್ದಾರ ಡಾ. ಪಿ. ಸುಬ್ಬರಾಯನ್ ಅವರೊಡನೆ ನಡೆಯಿತು. 1926ರಿಂದ 1930ರವರೆಗೆ ಸುಬ್ಬರಾಯನ್ ಮದರಾಸು ಪ್ರಾಂತದ ಮುಖ್ಯಮಂತ್ರಿಗಳು. ಅಂದರೆ ನಮ್ಮ ಕಲ್ಯಾಣದುರ್ಗದ ಸೀಮೆಯೂ ಅವರ ಆಡಳಿತದಲ್ಲಿತ್ತು. ರಾಧಾಬಾಯಿಯವರು ದುಂಡುಮೇಜಿನ ಪರಿಷತ್ತಿಗೆ ಹೋಗಿಬಂದರು. ಮೊಮ್ಮಗ ಪರಮಶಿವ ಪ್ರಭಾಕರ ಕುಮಾರಮಂಗಲಂ ಭಾರತದ ಭೂಸೇನೆಯ ಮುಖ್ಯಸ್ಥರಾದರು.

ಸರ್ಕಾರ ರಾಯರಿಗೆ ರಾವ್ ಸಾಹೇಬ್ ಬಿರುದು ಕೊಟ್ಟಿತು. ರವೀಂದ್ರನಾಥ ಠಾಕೂರರೂ ದೀನಬಂಧು ಆಂಡ್ರೂಸರೂ ಅವರ ಕೆಲಸವನ್ನು ಮೆಚ್ಚಿದರು. ಆದರೆ ಅವರು ಬಯಸಿದ ಗೌರವವೇ ಬೇರೆ. ತಮ್ಮ ಶಾಲೆಯಲ್ಲಿ ಓದಿದ ದಲಿತ ಮಗುವೊಂದು ಮುಂದೆ ಸರ್ಕಾರಿ ಹುದ್ದೆಗೇರಿ, ಸ್ವಂತ ಮೋಟಾರಿನಲ್ಲಿ ತಮ್ಮೂರ ರಸ್ತೆಯಲ್ಲಿ ಸಾಗುವಾಗ ಅದರ ಧೂಳು ತಮ್ಮ ತಲೆಗೆ ತಾಗಿದರೆ ಜನ್ಮ ಸಾರ್ಥಕವೆಂದು ಅವರು ಹೇಳಿಕೊಳ್ಳುತ್ತಿದ್ದರು.

ಆರೋಗ್ಯ ಕುಸಿದ ಮೇಲೆ ಮಿಷನ್ನಿನ ಹೊಣೆಯನ್ನು ಗೋಖಲೆಯವರು ಸ್ಥಾಪಿಸಿದ್ದ ಭಾರತ ಸೇವಕ ಸಮಾಜಕ್ಕೆ ಒಪ್ಪಿಸಿದರು. 1927ರಲ್ಲಿ ಸಂನ್ಯಾಸ ಸ್ವೀಕರಿಸಿ ಸ್ವಾಮಿ ಈಶ್ವರಾನಂದರಾದರು. 1928ರ ಜನವರಿ 30ರಂದು ತೀರಿಕೊಂಡರು. ತಮ್ಮ ದೇಹವನ್ನು ಊರಿನ ತೋಟಿಗಳೇ ಹೊರಬೇಕೆಂದು ಮೊದಲೇ ತಿಳಿಸಿದ್ದರು. ಮುಟ್ಟಿದರೆ ಮೈಲಿಗೆಯೆಂದು ಬೀದಿಯ ಅಂಚಿಗೆ ಸರಿಸಲ್ಪಡುತ್ತಿದ್ದವರು ಅಂದು ಅದೇ ಬೀದಿಗಳಲ್ಲಿ ಅವರನ್ನು ಹೆಗಲ ಮೇಲೆ ಹೊತ್ತು ನಡೆದರು. ನಂದಿಗುಡ್ಡೆಯಲ್ಲಿ ಅವರ ಸಮಾಧಿಯಿದೆ.

ಆರು ವರ್ಷಗಳ ತರುವಾಯ, 1934ರ ಫೆಬ್ರವರಿಯಲ್ಲಿ, ಹರಿಜನ ಯಾತ್ರೆಯಲ್ಲಿ ಮಂಗಳೂರಿಗೆ ಬಂದ ಗಾಂಧೀಜಿ ಈ ಕೆಲಸದಲ್ಲಿ ರಂಗರಾಯರು ತಮಗೆ ಮಾರ್ಗದರ್ಶಕರೆಂದು ನೆನೆದರು. ಶೇಡಿಗುಡ್ಡೆಯ ಶಾಲೆಯನ್ನು ಮಂಗಳೂರಿನವರು ಇಂದಿಗೂ ತೋರಿಸುತ್ತಾರೆ. ನಗರದ ಪುರಭವನಕ್ಕೆ ಕುದ್ಮುಲ್ ರಂಗರಾವ್ ಪುರಭವನವೆಂದು ಹೆಸರಿಟ್ಟಿದ್ದಾರೆ.