ಧಾರವಾಡದ ಬಾಳೂ ಮತ್ತು ಮಣ್ಣಿನ ಕುಡಿಕೆ

ಪ್ರಸನ್ನ, ಚಂದ್ರಶೇಖರ್, ಕುಂಬ್ಳೆ ಎಂದು ನಮ್ಮ ಸ್ಪಿನ್ನರುಗಳನ್ನು ಹೆಮ್ಮೆಯಿಂದ ನೆನೆಯುವ ನಾವು, ಅವರೆಲ್ಲರಿಗಿಂತ ಮೊದಲು ಈ ನೆಲದಲ್ಲಿ ಹುಟ್ಟಿದ ಪಾಲ್ವಂಕರ್ ಬಾಳೂ ಅವರನ್ನು ಮರೆತಿದ್ದೇವೆ. ಅಸ್ಪೃಶ್ಯವೆಂದು ದೂರವಿಡಲಾಗಿದ್ದ ಚರ್ಮಕಾರ ಸಮುದಾಯದಲ್ಲಿ, 1876ರಲ್ಲಿ ಅವರು ಜನಿಸಿದ್ದು ಧಾರವಾಡದಲ್ಲಿ. ಗಂಗಾವತಿ ಸೀಮೆಯ ಮರಳಿಯವನಾದ ನನಗೆ ಅವರ ಬದುಕು ದೂರದ ಕಥೆಯೆಂದು ಎಂದೂ ಅನ್ನಿಸಿಲ್ಲ.

ಬಾಳೂ ಕ್ರಿಕೆಟ್ಟಿಗೆ ಬಂದದ್ದು ಕೂಲಿಯಾಳಾಗಿ. ಪುಣೆಯ ಪಾರ್ಸಿ ಕ್ಲಬ್ಬೊಂದರಲ್ಲಿ ಪಿಚ್ ಗುಡಿಸಿ, ರೋಲರ್ ಎಳೆಯುವುದಕ್ಕೆ ತಿಂಗಳಿಗೆ 3 ರೂಪಾಯಿ. ಅನಂತರ ಸೇರಿದ ಯುರೋಪಿಯನ್ನರ ಪೂನಾ ಕ್ಲಬ್ಬಿನಲ್ಲಿ 4 ರೂಪಾಯಿ. ಅಲ್ಲಿ ಜೆ.ಜಿ. ಗ್ರೇಗ್ ಮುಂತಾದವರ ಅಭ್ಯಾಸಕ್ಕಾಗಿ ದಿನವೂ ಚೆಂಡೆಸೆದು ಅವರ ಎಡಗೈ ಸ್ಪಿನ್ ಪಳಗಿತು. ಬ್ಯಾಟ್ ಹಿಡಿಯುವ ಅವಕಾಶ ಮಾತ್ರ ಇರಲಿಲ್ಲ.

ಬಿಳಿಯರನ್ನು ಸೋಲಿಸುವ ಹಂಬಲದಿಂದ ಪುಣೆಯ ಹಿಂದೂಗಳು ಅವರನ್ನು ತಂಡಕ್ಕೆ ಸೇರಿಸಿಕೊಂಡರು. ಮೈದಾನದಲ್ಲಿ ಬಾಳೂ ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ಚಹಾ ವಿರಾಮದಲ್ಲಿ ಮಾತ್ರ ಅವರು ಪೆವಿಲಿಯನ್ನಿನ ಹೊರಗೆ ನಿಂತು ಮಣ್ಣಿನ ಕುಡಿಕೆಯಲ್ಲಿ ಚಹಾ ಕುಡಿಯಬೇಕಿತ್ತು.

ಮುಂದೆ ಮುಂಬಯಿಗೆ ಹೋದ ಬಾಳೂ ಅಲ್ಲಿನ ಹಿಂದೂ ಜಿಮ್ಖಾನಾದ ಬಲವಾದರು. 1906ರಲ್ಲಿ ಹಿಂದೂಗಳು ಯುರೋಪಿಯನ್ನರನ್ನು 109 ರನ್ನುಗಳಿಂದ ಮಣಿಸಿದಾಗ 8 ವಿಕೆಟ್ ಅವರದು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ತಂಡ ಸೋಲಿನ ಮೇಲೆ ಸೋಲುಣ್ಣುತ್ತಿದ್ದರೂ ಅವರು 114 ವಿಕೆಟ್ ಪಡೆದರು. ಆದರೂ ತಂಡದ ನಾಯಕತ್ವ ಅವರಿಗೆ ಒಲಿಯಲಿಲ್ಲ. 1920ರಲ್ಲಿ ತಮ್ಮಂದಿರಾದ ಶಿವರಾಮ ಮತ್ತು ವಿಠ್ಠಲ ಈ ಅನ್ಯಾಯವನ್ನು ಪ್ರತಿಭಟಿಸಿ ತಂಡದಿಂದ ಹಿಂದೆ ಸರಿದ ಮೇಲೆಯೇ ಬಾಳೂಗೆ ಉಪನಾಯಕನ ಸ್ಥಾನ ದೊರೆತದ್ದು. 1923ರಲ್ಲಿ ವಿಠ್ಠಲ ನಾಯಕರಾದರು. ಹಿಂದೂಗಳು ಆ ವರ್ಷ ಗೆದ್ದರು.

ರಾಜಕೀಯದಲ್ಲಿ ಬಾಳೂ ಅವರ ದಾರಿ ಬೇರೆಯಾಗಿತ್ತು. ತಮ್ಮನ್ನು ಮೆಚ್ಚಿದ್ದ ಅಂಬೇಡ್ಕರರ ಪ್ರತ್ಯೇಕ ಮತಕ್ಷೇತ್ರದ ಬೇಡಿಕೆಯನ್ನು 1932ರಲ್ಲಿ ವಿರೋಧಿಸಿದರು. 1937ರ ಚುನಾವಣೆಯಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿ ಅವರೆದುರೇ ನಿಂತು ಸೋತರು. ಒಟ್ಟಿಗೇ ಆಡುತ್ತ ಮನಸ್ಸುಗಳನ್ನು ಗೆಲ್ಲಬಹುದೆಂಬ ನಂಬಿಕೆ ಅವರದಾಗಿದ್ದಿರಬೇಕು ಎಂದು ನಾನು ಊಹಿಸುತ್ತೇನೆ. 1955ರಲ್ಲಿ ಅವರು ತೀರಿಕೊಂಡರು.

ಪ್ರತಿಭೆಯಿದ್ದರೆ ಜಾತಿ ತಾನಾಗಿ ಕರಗುತ್ತದೆ ಎನ್ನುವವರು ಈ ಬದುಕನ್ನು ಎಚ್ಚರದಿಂದ ಓದಬೇಕು. ವರ್ಷಗಟ್ಟಲೆ ಕಿತ್ತ ವಿಕೆಟ್ಟುಗಳು ತಂದುಕೊಡದ ಮನ್ನಣೆಯನ್ನು ತಮ್ಮಂದಿರ ಒಂದು ನಿರಾಕರಣೆ ತಂದುಕೊಟ್ಟಿತು. ನಮ್ಮದೇ ತಾಲ್ಲೂಕಿನ ಮರಕುಂಬಿಯಲ್ಲಿ ಕ್ಷೌರದಂಗಡಿ, ಹೋಟೆಲುಗಳಿಗೆ ದಲಿತರ ಪ್ರವೇಶದ ಪ್ರಶ್ನೆ 2014ರಲ್ಲಿ ಹಿಂಸೆಗೆ ತಿರುಗಿತು. 2024ರಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಪುಣೆಯ ಆ ಕುಡಿಕೆಗೂ ನಮ್ಮೂರ ಹೋಟೆಲಿನ ಲೋಟಕ್ಕೂ ನಡುವೆ ನೂರಕ್ಕೂ ಹೆಚ್ಚು ವರ್ಷಗಳಿವೆ. ಅಷ್ಟು ವರ್ಷ ನಾವು ಏನು ಮಾಡುತ್ತಿದ್ದೆವು ಎಂಬ ಪ್ರಶ್ನೆಗೆ ಬಾಳೂ ಅಲ್ಲ, ನಾವು ಉತ್ತರಿಸಬೇಕು.