ಸ್ವಂತ ಪಟ್ಟಣದಲ್ಲಿ ಪೀಠವೇರದ ಬಿಷಪ್: ಸಂತ ಫ್ರಾನ್ಸಿಸ್ ಡಿ ಸೇಲ್ಸ್

ನಾಗಪುರದಲ್ಲಿ ಎಸ್.ಎಫ್.ಎಸ್. ಎಂದರೆ ತಿಳಿಯದವರಿಲ್ಲ. ಸದರ್‌ನಲ್ಲಿ 1870ರಲ್ಲಿ ಆರಂಭವಾದ ಹೈಸ್ಕೂಲು, ಸೆಮಿನರಿ ಹಿಲ್ಸ್‌ನ ಕಾಲೇಜು, ಕ್ಯಾಥೊಲಿಕರ ಕೆಥೆಡ್ರಲ್ ಎಲ್ಲವೂ ಇದೇ ಹೆಸರಿನವು. ಆದರೆ ಈ ಮೂರಕ್ಷರದ ಹಿಂದಿರುವ ಸಂತ ಫ್ರಾನ್ಸಿಸ್ ಡಿ ಸೇಲ್ಸ್ ಅವರ ಬದುಕು ಬಹಳ ಮಂದಿಗೆ ಪರಿಚಯವಿಲ್ಲ.

ತಾಳೀಕೋಟೆ ಯುದ್ಧ ನಡೆದು ಎರಡು ವರ್ಷಗಳ ನಂತರ, 1567ರ ಆಗಸ್ಟ್ 21ರಂದು, ಈಗಿನ ಫ್ರಾನ್ಸಿಗೆ ಸೇರಿದ ಸವಾಯ್ ಸೀಮೆಯ ಸಿರಿವಂತ ಮನೆತನದಲ್ಲಿ ಫ್ರಾನ್ಸಿಸ್ ಜನಿಸಿದರು. ಹಿರಿಯ ಮಗ ವಕೀಲನಾಗಿ ಮನೆತನದ ಹೆಸರು ಬೆಳಗಬೇಕೆಂಬುದು ತಂದೆಯ ಆಸೆ. ಮಗ ಪ್ಯಾರಿಸ್ಸಿನಲ್ಲಿ ಓದಿ, ಇಟಲಿಯ ಪಡುವಾದಲ್ಲಿ ಕಾನೂನು ಪದವಿಯನ್ನೂ ಪಡೆದರು. ಹೆಣ್ಣು ಗೊತ್ತುಮಾಡುವ ಹೊತ್ತಿಗೆ ತಮ್ಮ ದಾರಿ ಬೇರೆಯೆಂದು ತಿಳಿಸಿ, 1593ರಲ್ಲಿ ಗುರುದೀಕ್ಷೆ ಸ್ವೀಕರಿಸಿದರು.

ಅಷ್ಟರಲ್ಲಿ ಜಿನೀವಾ ನಗರ ಕ್ಯಾಲ್ವಿನ್ ಪಂಥದವರ ವಶವಾಗಿ, ಅಲ್ಲಿನ ಬಿಷಪ್ ಆನ್ಸಿ ಪಟ್ಟಣದಲ್ಲಿ ನೆಲೆಸಿದ್ದರು. 1594ರಲ್ಲಿ ಜಿನೀವಾ ಸರೋವರದ ದಕ್ಷಿಣ ದಂಡೆಯ ಷಾಬ್ಲೆ ಪ್ರದೇಶಕ್ಕೆ ಫ್ರಾನ್ಸಿಸ್ ತೆರಳಿದರು. ಉಪದೇಶ ಕೇಳಲು ಜನ ಬರಲಿಲ್ಲ, ಜೀವಭಯವೂ ಇತ್ತು. ಎದೆಗುಂದದೆ ತಮ್ಮ ಮಾತನ್ನು ಹಾಳೆಗಳಲ್ಲಿ ಬರೆದು ಮನೆಬಾಗಿಲ ಸಂದಿಯಲ್ಲಿ ತೂರಿಸತೊಡಗಿದರು. ನಾಲ್ಕು ವರ್ಷಗಳಲ್ಲಿ ಪ್ರದೇಶದ ಬಹುಪಾಲು ಜನ ಹಳೆಯ ಮತಕ್ಕೆ ಮರಳಿದರು. ಇದರ ಹಿಂದೆ ಸವಾಯ್ ದೊರೆಯ ಅಧಿಕಾರಬಲವೂ ಇದ್ದದ್ದು ನಿಜ. ಆದರೂ ಫ್ರಾನ್ಸಿಸ್ ನೆಚ್ಚಿದ್ದು ಸೌಮ್ಯ ಮಾತನ್ನು. ಸ್ವಭಾವತಃ ಮುಂಗೋಪಿಯಾಗಿದ್ದ ಅವರು ವರ್ಷಾನುಗಟ್ಟಲೆ ಸಾಧನೆಯಿಂದ ಈ ಸೌಮ್ಯತೆಯನ್ನು ಗಳಿಸಿಕೊಂಡಿದ್ದರೆಂಬುದು ಗಮನಾರ್ಹ.

1602ರಲ್ಲಿ ಅವರೇ ಜಿನೀವಾದ ಬಿಷಪ್ ಆದರು. ಫ್ರಾನ್ಸಿನ ದೊರೆ ನಾಲ್ಕನೇ ಹೆನ್ರಿ ದೊಡ್ಡ ಹುದ್ದೆ ನೀಡಲು ಮುಂದಾದರೂ ತಮ್ಮ ಬಡ ಗುಡ್ಡಗಾಡು ಸೀಮೆಯನ್ನು ಬಿಡಲಿಲ್ಲ. ಮಕ್ಕಳಿಗೆ ತಾವೇ ಧರ್ಮಪಾಠ ಹೇಳಿದರು. ಮಾರ್ಟಿನ್ ಎಂಬ ಕಿವುಡನಿಗೆ ಕೈಸನ್ನೆಯಿಂದಲೇ ಕಲಿಸಿದರು. ಇದರಿಂದಾಗಿ ಕಿವುಡರು ಇಂದಿಗೂ ಅವರನ್ನು ತಮ್ಮ ಪಾಲಕ ಸಂತರೆಂದು ಗೌರವಿಸುತ್ತಾರೆ.

1609ರಲ್ಲಿ ಪ್ರಕಟವಾದ ಅವರ ಭಕ್ತಿಜೀವನದ ಗ್ರಂಥ ಸಂಸಾರಿಗಳಿಗಾಗಿಯೇ ಬರೆದದ್ದು. ವ್ಯಾಪಾರಿ, ಸೈನಿಕ, ಗೃಹಿಣಿ ತಂತಮ್ಮ ಕೆಲಸದಲ್ಲಿದ್ದುಕೊಂಡೇ ದೇವರನ್ನು ಕಾಣಬಹುದೆಂಬುದು ಅದರ ಸಾರ. ಕಾಯಕ ತತ್ವ ಬಲ್ಲ ಕನ್ನಡಿಗರಿಗೆ ಇದು ಹೊಸದೆನಿಸದು. ಭಕ್ತಿಯೆಂದರೆ ಮಠವಾಸಿಗಳ ಸೊತ್ತೆಂದು ತಿಳಿದಿದ್ದ ಅಂದಿನ ಯುರೋಪಿನಲ್ಲಿ ಇದು ದೊಡ್ಡ ಮಾತೇ ಆಗಿತ್ತು. 1610ರಲ್ಲಿ ವಿಧವೆ ಜೇನ್ ಡಿ ಶಾಂತಾಲ್ ಅವರೊಡಗೂಡಿ ವಿಸಿಟೇಷನ್ ಎಂಬ ಸನ್ಯಾಸಿನಿಯರ ಸಂಸ್ಥೆ ಸ್ಥಾಪಿಸಿ, ಬೇರೆ ಮಠಗಳ ಕಠಿಣ ವ್ರತ ತಾಳಲಾರದ ವಿಧವೆಯರಿಗೂ ದುರ್ಬಲರಿಗೂ ಆಶ್ರಯ ಕಲ್ಪಿಸಿದರು.

1622ರ ಡಿಸೆಂಬರ್ 28ರಂದು ಲಿಯೋನ್ ನಗರದ ಮಠದ ತೋಟಗಾರನ ಕೋಣೆಯಲ್ಲಿ, 55ನೇ ವಯಸ್ಸಿನಲ್ಲಿ ಕೊನೆಯುಸಿರೆಳೆದರು. ಇಪ್ಪತ್ತು ವರ್ಷ ಜಿನೀವಾದ ಬಿಷಪ್ ಆಗಿದ್ದರೂ ಆ ನಗರದ ಕೆಥೆಡ್ರಲ್‌ನಲ್ಲಿ ಒಂದು ದಿನವೂ ಪೀಠವೇರಲಿಲ್ಲ. 1665ರಲ್ಲಿ ಸಂತ ಪದವಿ ಲಭಿಸಿತು. ಬಾಗಿಲ ಸಂದಿಯ ಆ ಹಾಳೆಗಳ ನೆನಪಿನಲ್ಲಿ 1923ರಲ್ಲಿ ಪತ್ರಕರ್ತರು ಮತ್ತು ಲೇಖಕರ ಪಾಲಕರೆಂದು ಘೋಷಿತರಾದರು.

1838ರಲ್ಲಿ ಆನ್ಸಿಯಲ್ಲಿ ಅವರ ಹೆಸರಿನಲ್ಲಿ ಹುಟ್ಟಿದ ಗುರುಗಳ ಸಂಘ 1846ರಲ್ಲಿ ಭಾರತಕ್ಕೆ ಬಂದು, ವಿಶಾಖಪಟ್ಟಣದಿಂದ ನಾಗಪುರದವರೆಗೆ ಸೇವೆ ವಿಸ್ತರಿಸಿತು. 1887ರಲ್ಲಿ ನಾಗಪುರ ಪ್ರತ್ಯೇಕ ಧರ್ಮಪ್ರಾಂತ್ಯವಾಯಿತು. ಪ್ರತಿವರ್ಷ ಜನವರಿ 24 ಸಂತರ ಹಬ್ಬದ ದಿನ. ತಮ್ಮೂರಲ್ಲಿ ಸಿಗದ ನೆಲೆ ಅವರ ಹೆಸರಿಗೆ ನಮ್ಮ ನಾಗಪುರದಲ್ಲಿ ಸಿಕ್ಕಿದೆ.