ಹರ್ಮನ್ ಮುಲ್ಲರ್: ವರ್ಣತಂತುವಿನ ತುದಿಗೆ ಹೆಸರಿಟ್ಟವರು

ಟೆಲೋಮಿಯರ್ ಎಂಬ ಪದ ಪಾಠದಲ್ಲಿ ಬಂದಾಗ ನಾವು ಶೂ ಲೇಸಿನ ತುದಿಯ ಪ್ಲಾಸ್ಟಿಕ್ಕಿನ ಉದಾಹರಣೆ ಕೊಟ್ಟು ಮುಂದೆ ಸಾಗುತ್ತೇವೆ. ಉದಾಹರಣೆ ತಪ್ಪಲ್ಲ. ಆದರೆ ಅಂಥ ತುದಿಯೊಂದು ಇದೆಯೆಂದು ಗೊತ್ತಾದದ್ದು ಹೇಗೆ ಎಂದು ಮಕ್ಕಳು ಕೇಳಿದರೆ ಹರ್ಮನ್ ಜೋಸೆಫ್ ಮುಲ್ಲರ್ ಅವರ ಕತೆಯನ್ನೇ ಹೇಳಬೇಕು.

1890ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಮುಲ್ಲರ್ ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡರು. ಪ್ರೌಢಶಾಲೆಯಲ್ಲಿ ಗೆಳೆಯರೊಡನೆ ವಿಜ್ಞಾನ ಸಂಘ ಕಟ್ಟಿದರು. (ನಮ್ಮ ಶಾಲೆಗಳಲ್ಲಿ ಹೆಸರಿಗಷ್ಟೇ ಇರುವ ಸಂಘಗಳ ನೆನಪಾಗುತ್ತದೆ.) ಮುಂದೆ ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಗನ್ ಅವರ ಬಳಗ ಸೇರಿ ಹಣ್ಣಿನ ನೊಣಗಳ ಅಧ್ಯಯನಕ್ಕಿಳಿದರು. ಕ್ಷ-ಕಿರಣ ತಾಗಿಸಿದರೆ ನೊಣಗಳಲ್ಲಿ ಉತ್ಪರಿವರ್ತನೆಗಳು ಅನೇಕ ಪಟ್ಟು ಹೆಚ್ಚುತ್ತವೆ ಎಂದು 1927ರಲ್ಲಿ, ಟೆಕ್ಸಾಸಿನಲ್ಲಿದ್ದಾಗ, ಪ್ರಕಟಿಸಿದರು.

ಆಮೇಲಿನ ವರ್ಷಗಳು ಅಲೆದಾಟದವು. 1932ರಲ್ಲಿ ಬರ್ಲಿನ್, ಮರುವರ್ಷ ಸೋವಿಯತ್ ಒಕ್ಕೂಟ. ಅಲ್ಲಿ ಲೈಸೆಂಕೋ ತಳಿವಿಜ್ಞಾನದ ಮೇಲೆ ಹರಿಹಾಯತೊಡಗಿದಾಗ ಮುಲ್ಲರ್ ಎದುರಾಡಿದರು, ಕೊನೆಗೆ ದೇಶ ಬಿಟ್ಟು ಎಡಿನ್‌ಬರೋ ಸೇರಿದರು.

ಇಷ್ಟರ ನಡುವೆಯೂ ನೊಣಗಳನ್ನು ಬಿಡಲಿಲ್ಲ. ಕಿರಣ ತಾಗಿದ ವರ್ಣತಂತುಗಳು ಒಡೆಯುತ್ತಿದ್ದವು. ತುಂಡುಗಳು ತಲೆಕೆಳಗಾಗಿ ಸೇರುತ್ತಿದ್ದವು, ಬೇರೆ ವರ್ಣತಂತುವಿಗೂ ಅಂಟುತ್ತಿದ್ದವು. ಆದರೆ ಸಹಜ ತುದಿ ಮಾತ್ರ ಯಾವುದಕ್ಕೂ ಅಂಟಿದ್ದು ಕಾಣಲಿಲ್ಲ. ಪಾಠ ಹೇಳುವವರು ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಕಂಡದ್ದನ್ನು ಬರೆದಿಡುವುದು ಸುಲಭ. ಕಾಣಬೇಕಾದದ್ದು ಕಾಣುತ್ತಿಲ್ಲ ಎಂದು ಗಮನಿಸುವುದು ಕಷ್ಟ. ತುದಿಗೆ ಬೇರೆಯೇ ಕೆಲಸವಿದೆ ಎಂದು ಊಹಿಸಿದ ಮುಲ್ಲರ್, ಗ್ರೀಕಿನ ‘ಕೊನೆ’ ಮತ್ತು ‘ಭಾಗ’ ಎಂಬ ಪದಗಳನ್ನು ಕೂಡಿಸಿ 1938ರಲ್ಲಿ ಅದನ್ನು ಟೆಲೋಮಿಯರ್ ಎಂದು ಕರೆದರು.

ಹಿರೋಷಿಮಾದ ಮರುವರ್ಷ, 1946ರಲ್ಲಿ, ಅವರಿಗೆ ನೊಬೆಲ್ ಬಂತು. ಆ ಹೆಸರನ್ನು ಅವರು ಎಚ್ಚರಿಕೆ ಹೇಳಲು ಬಳಸಿದರು: ವಿಕಿರಣದ ಹಾನಿ ಮುಂದಿನ ಪೀಳಿಗೆಗೂ ದಾಟುತ್ತದೆ, ಅನಗತ್ಯವಾಗಿ ಕ್ಷ-ಕಿರಣ ಬಳಸಬೇಡಿ. 1955ರಲ್ಲಿ ಅಣ್ವಸ್ತ್ರಗಳ ವಿರುದ್ಧದ ರಸೆಲ್-ಐನ್‌ಸ್ಟೈನ್ ಹೇಳಿಕೆಗೆ ಸಹಿ ಹಾಕಿದರು.

ಮುಲ್ಲರ್ ನೊಣದಲ್ಲಿ ಕಂಡದ್ದು ನಮ್ಮ ಮೂಳೆಮಜ್ಜೆಯ ಆಕರಕೋಶಗಳಿಗೂ ಸಲ್ಲುತ್ತದೆ. ಜೀವನವಿಡೀ ಹೊಸ ರಕ್ತಕಣಗಳನ್ನು ಕೊಡಬೇಕಾದ ಈ ಕೋಶಗಳಲ್ಲಿ ಟೆಲೋಮಿರೇಸ್ ಕಿಣ್ವ ತುದಿಗಳ ಸವೆತವನ್ನು ತಡವಾಗಿಸುತ್ತದೆ. ತುದಿ ತೀರ ಸವೆದರೆ, ಅಥವಾ ವಿಕಿರಣದಿಂದ ಕೆಟ್ಟರೆ, ಕೋಶ ಅದನ್ನು ಮುರಿದ ಜಾಗವೆಂದೇ ತಿಳಿದು ಇನ್ನೊಂದು ತುದಿಗೆ ಬೆಸೆಯಬಹುದು. ವಿಭಜನೆಯ ವೇಳೆ ಆ ಜೋಡಿ ಎರಡೂ ಕಡೆಯ ಎಳೆತಕ್ಕೆ ಹರಿಯುತ್ತದೆ. ಕೋಶ ಸಾಯಬಹುದು, ವಿಭಜನೆ ನಿಲ್ಲಿಸಬಹುದು, ಕೆಲವೊಮ್ಮೆ ಕ್ಯಾನ್ಸರಿನ ದಾರಿ ಹಿಡಿಯಬಹುದು.

ಮುಲ್ಲರ್ 1967ರಲ್ಲಿ ತೀರಿಕೊಂಡರು. ಟೆಲೋಮಿಯರಿನ ಡಿಎನ್‌ಎ ಎಂಥದೆಂದು ಎಲಿಜಬೆತ್ ಬ್ಲ್ಯಾಕ್‌ಬರ್ನ್ ಮತ್ತು ಜೋಸೆಫ್ ಗಾಲ್ ಕೊಳದ ನೀರಿನ ಏಕಕೋಶ ಜೀವಿಯೊಂದರಲ್ಲಿ ಓದಿ ತಿಳಿಸಿದ್ದು 1978ರಲ್ಲಿ.